ನಾಲ್ಕು ಸೆಕೆಂಡಿನ ಶಿಳ್ಳೆ

ಕೇಳುಗರೇ, ರಾತ್ರಿ ಹೊತ್ತು ಮೀಡಿಯಂ ವೇವ್‌ನಲ್ಲಿ ಎರಡು ಸ್ಟೇಷನ್‌ಗಳು ಒಂದರ ಮೇಲೊಂದು ಬಿದ್ದಾಗ ಕುಂಯ್ ಎನ್ನುವ ಶಿಳ್ಳೆ ಕೇಳಿದ್ದೀರಲ್ಲ? ನಮಗದು ಕಿರಿಕಿರಿ, ಅಷ್ಟೇ. 1977ರ ಮಾರ್ಚ್ 27ರಂದು, ಸ್ಪೇನ್‌ನ ಟೆನೆರೀಫ್ ದ್ವೀಪದಲ್ಲಿ, 583 ಜನರ ಸಾವಿಗೆ ಅಂಥದೇ ಶಿಳ್ಳೆ ಒಂದು ಕಾರಣವಾಯಿತು.

ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಜಂಬೋ ಜೆಟ್. ಕೆಎಲ್‌ಎಂ ವಿಮಾನ ಅನುಮತಿಯಿಲ್ಲದೆಯೇ ಟೇಕಾಫ್‌ಗೆ ಓಡತೊಡಗಿತ್ತು. ಟವರ್‌ನವರು ಓಕೆ ಎಂದರು, ಕ್ಷಣ ಬಿಟ್ಟು ಕಾಯಲು ಹೇಳಿದರು. ಅದೇ ಹೊತ್ತಿಗೆ ಪ್ಯಾನ್ ಆಮ್‌ನವರು ತಾವಿನ್ನೂ ರನ್‌ವೇಯಲ್ಲೇ ಇದ್ದೇವೆಂದು ಕೂಗಿದರು. ತರಂಗಾಂತರ ಒಂದೇ, ದನಿ ಎರಡು! ಕೆಎಲ್‌ಎಂಗೆ ಸ್ಪಷ್ಟವಾಗಿ ಕೇಳಿದ್ದು ಆ ಓಕೆ ಮಾತ್ರ. ಉಳಿದದ್ದು ಸುಮಾರು 4 ಸೆಕೆಂಡಿನ ಶಿಳ್ಳೆಯಲ್ಲಿ ಮುಳುಗಿತು.

ವಿಮಾನಗಳ ಈ ರೇಡಿಯೊ ಇಂದಿಗೂ ಎಎಂ. ಬದಲಾದದ್ದು ಮಾತು: ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗಷ್ಟೇ ‘ಟೇಕಾಫ್’, ಮಿಕ್ಕಂತೆ ‘ಡಿಪಾರ್ಚರ್’.