ವಂಶವಾಹಿಯೂ ಆಹಾರವೂ: ಫಿನೈಲ್‌ಕೀಟೋನ್ಯೂರಿಯದ ಚರಿತ್ರೆ

ಮಗುವಿನ ಬುದ್ಧಿಯನ್ನು ನಿರ್ಧರಿಸುವುದು ಹುಟ್ಟೋ ಪೋಷಣೆಯೋ ಎಂಬ ವಾದ 20ನೇ ಶತಮಾನದ ಉದ್ದಕ್ಕೂ ನಡೆಯಿತು. ಆ ಪ್ರಶ್ನೆಯನ್ನು ಹಾಗೆ ಕೇಳುವುದೇ ಸರಿಯಲ್ಲವೆಂದು ತೋರಿಸಿದ್ದು ಫಿನೈಲ್‌ಕೀಟೋನ್ಯೂರಿಯ ಎಂಬ ಅಪರೂಪದ ಕಾಯಿಲೆ. ಅದರ ಮೂಲ ವಂಶವಾಹಿಯಲ್ಲಿದೆ. ಪರಿಣಾಮ ಮಾತ್ರ ಮಗು ಉಣ್ಣುವ ಆಹಾರವನ್ನು ಅವಲಂಬಿಸಿದೆ. ಈ ತಿಳಿವಳಿಕೆ ರೂಪುಗೊಂಡ ಬಗೆಯನ್ನು ಈ ಲೇಖನ ಪರಿಶೀಲಿಸುತ್ತದೆ.

ಹಿನ್ನೆಲೆ

1902ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್, ಮೂತ್ರ ಕಪ್ಪಾಗುವ ಆಲ್ಕ್ಯಾಪ್ಟೋನ್ಯೂರಿಯದ ಬಗ್ಗೆ ಬರೆದರು. ಈ ಕಾಯಿಲೆಯಿದ್ದವರ ತಂದೆತಾಯಿ ಹಲವು ಬಾರಿ ರಕ್ತಸಂಬಂಧಿಗಳೇ ಆಗಿದ್ದುದನ್ನು ಅವರು ಗಮನಿಸಿದ್ದರು. ಮೆಂಡೆಲ್ ಹೇಳಿದ ಅಪ್ರಬಲ ಗುಣ (ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಣಿಸುವ ಗುಣ) ಮನುಷ್ಯರಲ್ಲೂ ಇದೆಯೆನ್ನಲು ದೊರೆತ ಮೊದಲ ಪುರಾವೆಗಳಲ್ಲಿ ಇದೊಂದು. ತಂದೆತಾಯಿ ಇಬ್ಬರೂ ದೋಷದ ಒಂದೊಂದು ಪ್ರತಿಯನ್ನು ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಫಿನೈಲ್‌ಕೀಟೋನ್ಯೂರಿಯವೂ ಹೀಗೆಯೇ ಬರುತ್ತದೆ.

ಆಸ್ಲೋದಿಂದ ಬರ್ಮಿಂಗ್‌ಹ್ಯಾಮ್‌ಗೆ

1934ರಲ್ಲಿ ನಾರ್ವೆಯ ತಾಯಿಯೊಬ್ಬರು ಬುದ್ಧಿ ಬೆಳೆಯದ ತಮ್ಮ ಇಬ್ಬರು ಮಕ್ಕಳ ವಿಚಾರವಾಗಿ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಅವರ ಮೊರೆಹೊಕ್ಕರು. ಮಕ್ಕಳ ಮೂತ್ರಕ್ಕೆ ವಿಚಿತ್ರವಾದ ಮುಗ್ಗಲು ವಾಸನೆಯಿತ್ತು. ಅದಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಹಸಿರು ಬಣ್ಣ ಬಂತು. ರಸಾಯನಶಾಸ್ತ್ರವನ್ನೂ ಬಲ್ಲ ಫೋಲಿಂಗ್ ಆ ಮೂತ್ರದಿಂದ ಫಿನೈಲ್‌ಪೈರುವಿಕ್ ಆಮ್ಲವನ್ನು ಬೇರ್ಪಡಿಸಿದರು. ಬಳಿಕ ಬುದ್ಧಿಮಾಂದ್ಯರ ಆಶ್ರಮಗಳಲ್ಲಿ ಹುಡುಕಿದಾಗ ಅಂಥವರು ಇನ್ನೂ ಕೆಲವರು ಸಿಕ್ಕರು. ಈ ಕಾಯಿಲೆಗೇ ಮುಂದೆ ಫಿನೈಲ್‌ಕೀಟೋನ್ಯೂರಿಯ ಎಂಬ ಹೆಸರು ಬಂತು.

ಪ್ರೋಟೀನಿನಲ್ಲಿರುವ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲವನ್ನು ಟೈರೋಸಿನ್ ಆಗಿ ಮಾರ್ಪಡಿಸುವ ಯಕೃತ್ತಿನ ಕಿಣ್ವ ಈ ಮಕ್ಕಳಲ್ಲಿ ಕೆಲಸ ಮಾಡುವುದಿಲ್ಲ ಎಂಬುದು 1953ರ ಹೊತ್ತಿಗೆ ಅಮೆರಿಕದ ಜಾರ್ಜ್ ಜರ್ವಿಸ್ ಅವರಿಂದ ಖಚಿತವಾಯಿತು. ರಕ್ತದಲ್ಲಿ ಶೇಖರವಾಗುವ ಫಿನೈಲ್‌ಅಲನೀನ್ ಬೆಳೆಯುವ ಮಿದುಳಿಗೆ ವಿಷವಾಗುತ್ತದೆ.

ಹಾಗಾದರೆ ಊಟದಲ್ಲೇ ಅದನ್ನು ಕಡಿಮೆ ಮಾಡಿದರೆ? ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯ ಹೋರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಎರಡು ವರ್ಷದ ಹುಡುಗಿಯೊಬ್ಬಳಿಗೆ ಅಂಥ ಆಹಾರ ಕೊಟ್ಟುನೋಡಿದರು. ತೆವಳಲೂ ಬಾರದಿದ್ದ ಮಗು ತೆವಳಿತು, ನಿಲ್ಲಲು ಕಲಿಯಿತು, ತಲೆ ಬಡಿದುಕೊಳ್ಳುವುದನ್ನು ಬಿಟ್ಟಿತು. ತಾಯಿಗೆ ತಿಳಿಸದೆ ಫಿನೈಲ್‌ಅಲನೀನನ್ನು ಮತ್ತೆ ಬೆರೆಸಿದಾಗ ಕೆಲವೇ ದಿನಗಳಲ್ಲಿ ಕಲಿತದ್ದು ಬಹುಪಾಲು ಹೋಯಿತು. ಇಂದಿನ ಸಂಶೋಧನಾ ನೀತಿ ಒಪ್ಪದ ಪ್ರಯೋಗವಿದು. ಆದರೂ ಆಹಾರದ ಪಾತ್ರವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಿತು.

ಹಿಮ್ಮಡಿಯ ರಕ್ತದ ಹನಿ

ಆದರೆ ಮಿದುಳಿಗೆ ಆದ ಹಾನಿ ಪೂರ್ತಿ ಸರಿಹೋಗುವುದಿಲ್ಲ. ಮಗು ಹುಟ್ಟಿದ ಮೊದಲ ವಾರಗಳಲ್ಲೇ ಪಥ್ಯ ಆರಂಭವಾಗಬೇಕು. ಅದಕ್ಕೆ ದಾರಿ ಮಾಡಿದವರು ಅಮೆರಿಕದ ರಾಬರ್ಟ್ ಗಥ್ರಿ. ಶಿಶುವಿನ ಹಿಮ್ಮಡಿಯ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ, ಬ್ಯಾಕ್ಟೀರಿಯಾ ಬೆಳವಣಿಗೆಯ ಮೂಲಕ ಫಿನೈಲ್‌ಅಲನೀನ್ ಅಳೆಯುವ ಅಗ್ಗದ ವಿಧಾನವನ್ನು ಅವರು 1963ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯ ಈ ತಪಾಸಣೆಯನ್ನು ಕಡ್ಡಾಯಗೊಳಿಸಿತು.

ಹೀಗೆ ಉಳಿದ ಹೆಣ್ಣುಮಕ್ಕಳು ತಾಯಂದಿರಾದಾಗ ಹೊಸ ಸಮಸ್ಯೆ ಎದುರಾಯಿತು. ಪಥ್ಯ ಬಿಟ್ಟ ತಾಯಿಯ ರಕ್ತದಲ್ಲಿನ ಫಿನೈಲ್‌ಅಲನೀನ್, ಕಾಯಿಲೆಯನ್ನು ಪಡೆಯದ ಭ್ರೂಣದ ಮಿದುಳನ್ನೂ ಕೆಡಿಸುತ್ತಿತ್ತು. ಅಂದರೆ ಮಗುವಿಗೆ ಹಾನಿ ಮಾಡಿದ್ದು ಅದರ ವಂಶವಾಹಿಗಳಲ್ಲ, ಗರ್ಭದ ಪರಿಸರ.

ಕರ್ನಾಟಕದಲ್ಲಿ

1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಅಮೈನೋ ಆಮ್ಲ ದೋಷಗಳಿಗಾಗಿ ತಪಾಸಣೆ ಮಾಡಲಾಯಿತು. ಆ ಕುಟುಂಬಗಳಲ್ಲಿ ಸುಮಾರು ಮೂರನೇ ಒಂದು ಪಾಲು ಮದುವೆಗಳು ಸೋದರಮಾವ, ಅತ್ತೆ-ಮಾವನ ಮಕ್ಕಳು ಮೊದಲಾದ ಬಂಧುಗಳೊಳಗಿನವು. ಗ್ಯಾರಡ್ ಗಮನಿಸಿದ ಅಂಶ ಇಲ್ಲಿಗೂ ಅನ್ವಯಿಸುತ್ತದೆ: ಬಂಧುಗಳಲ್ಲಿ ಒಂದೇ ಅಪ್ರಬಲ ದೋಷದ ಪ್ರತಿಗಳು ಇರುವ ಸಾಧ್ಯತೆ ಹೆಚ್ಚು.

ಆನುವಂಶಿಕವಾದದ್ದನ್ನು ಬದಲಿಸಲಾಗದು ಎಂಬ ನಂಬಿಕೆಗೆ ಈ ಚರಿತ್ರೆಯಲ್ಲಿ ಆಧಾರವಿಲ್ಲ. ತಂದೆತಾಯಿಯ ಮೇಲೆ ಹೊರಿಸುವ ಅಪವಾದಕ್ಕೂ ಆಧಾರವಿಲ್ಲ. ಹುಟ್ಟಿದ ಮಗುವಿನ ರಕ್ತಪರೀಕ್ಷೆ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲೂ ವಾಡಿಕೆಯಾಗಬೇಕು. ಅದರ ಫಲಿತಾಂಶ ಕೈಗೆ ಬಂದ ಕೂಡಲೇ ಪಥ್ಯದ ಆಹಾರವೂ ಬಡ ಕುಟುಂಬಕ್ಕೆ ಸಿಗುವಂತಿರಬೇಕು. ಇಲ್ಲವಾದರೆ ಪರೀಕ್ಷೆಯಿಂದ ಪ್ರಯೋಜನವಿಲ್ಲ.