ಸಿಇಎ ಚರಿತ್ರೆಯಲ್ಲಿ ತಪ್ಪಾಗಿ ಓದಿದ ಒಂದು ಪ್ರಯೋಗ

ದೊಡ್ಡಕರುಳಿನ ಕ್ಯಾನ್ಸರಿನ ಪ್ರೋಟೀನ್ ಸೂಚಕಗಳ ಚರಿತ್ರೆ ಬರೆಯುವ ಕೆಲವರು ಸಿಇಎಯ (ಕಾರ್ಸಿನೋಎಂಬ್ರಿಯಾನಿಕ್ ಆಂಟಿಜೆನ್) ಕಥೆಯನ್ನು ಎರಡೇ ವಾಕ್ಯಗಳಲ್ಲಿ ಮುಗಿಸುತ್ತಾರೆ: 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಇದು ವಯಸ್ಕರಲ್ಲಿ ಗಡ್ಡೆಗೆ ಮಾತ್ರ ಸೇರಿದ್ದೆಂದರು, 1972ರಲ್ಲಿ ಅದು ಆರೋಗ್ಯವಂತ ಅಂಗಾಂಶದಲ್ಲೂ ಸಿಕ್ಕಿ ಅವರ ಮಾತು ಬಿದ್ದುಹೋಯಿತು. ಎರಡನೆಯ ವಾಕ್ಯ ತಪ್ಪು. ಅದರಿಂದ ಮೊದಲ ಪ್ರಯೋಗಕ್ಕೂ ಅನ್ಯಾಯವಾಗಿದೆ.

1972ರಲ್ಲಿ ಫಾನ್ ಕ್ಲೈಸ್ಟ್ ಮತ್ತು ಸಂಗಡಿಗರು ಗುರುತಿಸಿದ್ದು ಸಿಇಎಯನ್ನಲ್ಲ, ಸಿಇಎ ವಿರುದ್ಧದ ಪ್ರತಿಕಾಯಗಳಿಗೆ ಅಂಟಿಕೊಳ್ಳುವ ಅದೇ ಕುಟುಂಬದ ಇನ್ನೊಂದು ಪ್ರತಿಜನಕವನ್ನು. ಲೇಖನದ ಶೀರ್ಷಿಕೆಯನ್ನಾದರೂ ಗಮನವಿಟ್ಟು ಓದಿದ್ದರೆ ಈ ಗೊಂದಲ ಹುಟ್ಟುತ್ತಿರಲಿಲ್ಲ. ಆರೋಗ್ಯವಂತ ಕರುಳಿನ ಒಳಪೊರೆಯಿಂದ ಸಿಇಎಯನ್ನೇ ಬೇರ್ಪಡಿಸಿದ ಸಾಕ್ಷ್ಯ ಬೇಕಾದವರು ಫ್ರಿಟ್ಶೆ ಮತ್ತು ಮಾಖ್ ಅವರ 1977ರ ಬರಹಕ್ಕೆ ಹೋಗಬೇಕು.

ಹಾಗಾದರೆ 1965ರಲ್ಲಿ ಅದು ಕಣ್ತಪ್ಪಿದ್ದು ಹೇಗೆ? ಹೋಲಿಕೆಗೆ ಆರಿಸಿದ ಅಂಗಾಂಶ ಸರಿಯಿರಲಿಲ್ಲವೆಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಗೋಲ್ಡ್ ಮತ್ತು ಫ್ರೀಡ್‌ಮನ್ ಗಡ್ಡೆಯನ್ನೂ ಅದರಿಂದ ದೂರದ ಆರೋಗ್ಯವಂತ ಭಾಗವನ್ನೂ ಒಬ್ಬನೇ ರೋಗಿಯ ಕರುಳಿನಿಂದ ತೆಗೆದುಕೊಂಡಿದ್ದರು. ವ್ಯಕ್ತಿಯಿಂದ ವ್ಯಕ್ತಿಗಿರುವ ವ್ಯತ್ಯಾಸವನ್ನು ಗಡ್ಡೆಯ ಗುಣವೆಂದು ಭ್ರಮಿಸದಿರಲು ಅದಕ್ಕಿಂತ ಒಳ್ಳೆಯ ಉಪಾಯ ಆಗ ಇರಲಿಲ್ಲ.

ಕಾರಣವಿರುವುದು ಮುಂದಿನ ಹಂತದಲ್ಲಿ. ಗಡ್ಡೆಯ ಸಾರವನ್ನು ಮೊಲಕ್ಕೆ ಚುಚ್ಚಿ ಪಡೆದ ಸೀರಮ್ಮಿಗೆ ಆರೋಗ್ಯವಂತ ಅಂಗಾಂಶದ ಸಾರ ಬೆರೆಸಿದರೆ, ಎರಡಕ್ಕೂ ಸಮಾನವಾದ ಪ್ರತಿಜನಕಗಳ ಪ್ರತಿಕಾಯಗಳು ಹೀರಿಹೋಗುತ್ತವೆ. ಉಳಿದವು ಗಡ್ಡೆಯವೆಂಬುದು ತರ್ಕ. ಆದರೆ ಆರೋಗ್ಯವಂತ ಸಾರದಲ್ಲಿ ಸಿಇಎ ಅತ್ಯಲ್ಪವಿದ್ದರೆ ಅದು ಹೀರುವ ಪ್ರತಿಕಾಯಗಳೂ ಅತ್ಯಲ್ಪ. ಮಿಕ್ಕವು ಗಡ್ಡೆಯ ಸಾರದೆದುರು ಜೆಲ್‌ನಲ್ಲಿ ಬಿಳಿ ಗೆರೆ ಮೂಡಿಸುತ್ತವೆ. ಆರೋಗ್ಯವಂತ ಸಾರದೆದುರು ಗೆರೆ ಮೂಡುವಷ್ಟು ಸರಕು ಇರುವುದಿಲ್ಲ. ಹೀಗೆ ಹೆಚ್ಚುಕಡಿಮೆಯ ಪ್ರಶ್ನೆ ಉಂಟು-ಇಲ್ಲದ ಉತ್ತರವಾಗಿ ಹೊರಬಂತು. ನವಜಾತ ಮೊಲಗಳನ್ನು ಆರೋಗ್ಯವಂತ ಅಂಗಾಂಶಕ್ಕೆ ಒಗ್ಗಿಸಿದ ಅವರ ಎರಡನೆಯ ವಿಧಾನಕ್ಕೂ, ನನ್ನ ಅಭಿಪ್ರಾಯದಲ್ಲಿ, ಇದೇ ಮಿತಿ ಅನ್ವಯಿಸುತ್ತದೆ. ಪ್ರಯೋಗ ಕೆಟ್ಟಿರಲಿಲ್ಲ, ಅದರ ಅಳತೆಯ ಮಿತಿಯನ್ನು ಮೀರಿ ತೀರ್ಮಾನ ಹೋಯಿತು.

ಇಷ್ಟಾದರೂ ಸಿಇಎ ರಕ್ತಪರೀಕ್ಷೆ ಉಳಿದುಕೊಂಡಿತಲ್ಲ! ಆರೋಗ್ಯವಂತ ಕರುಳಿನ ಜೀವಕೋಶ ಸಿಇಎಯನ್ನು ಕರುಳಿನ ಪೊಳ್ಳಿನತ್ತ ಬಿಡುತ್ತದೆ, ಅದು ಮಲದೊಡನೆ ಹೊರಹೋಗುತ್ತದೆ. ಗಡ್ಡೆಯಲ್ಲಿ ಕೋಶಗಳ ಆ ದಿಕ್ಕು ಕೆಟ್ಟು ಸಿಇಎ ರಕ್ತಕ್ಕೆ ಸೇರುತ್ತದೆ. ಧೂಮಪಾನಿಗಳಲ್ಲೂ ಯಕೃತ್ತಿನ ಕಾಯಿಲೆಯವರಲ್ಲೂ ರಕ್ತದ ಮಟ್ಟ ಏರುವುದರಿಂದ, ಆರಂಭಿಕ ಗಡ್ಡೆಗಳು ಹಲವೊಮ್ಮೆ ಏರಿಸದೆ ಇರುವುದರಿಂದ, ಜನರ ಸಾಮೂಹಿಕ ತಪಾಸಣೆಗೆ ಇದು ತಕ್ಕುದಲ್ಲವೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ 1980ರ ತಜ್ಞರ ಸಭೆ ಹೇಳಿತು. ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸುತ್ತಿದೆಯೇ ಎಂದು ನೋಡಲು ಇಂದಿಗೂ ಅದೇ ಪರೀಕ್ಷೆ ಬಳಕೆಯಲ್ಲಿದೆ.

ಇಂದು ಮಾಸ್ ಸ್ಪೆಕ್ಟ್ರೋಮೀಟರ್ ಗಡ್ಡೆಯಲ್ಲಿ ಮಾತ್ರ ಕಂಡ ಪ್ರೋಟೀನುಗಳ ಉದ್ದನೆಯ ಪಟ್ಟಿ ಕೊಟ್ಟಾಗಲೂ ಕೇಳಬೇಕಾದ ಪ್ರಶ್ನೆಗಳು ಇವೇ: ಉಪಕರಣ ಎಷ್ಟು ಕಡಿಮೆಯನ್ನು ಕಾಣಬಲ್ಲದು, ಆ ಪ್ರೋಟೀನ್ ರಕ್ತಕ್ಕೆ ಬರುವ ದಾರಿ ಯಾವುದು? ಇವೆರಡಕ್ಕೂ ಉತ್ತರವಿಲ್ಲದ ಪಟ್ಟಿಯನ್ನು ಸೂಚಕಗಳ ಪಟ್ಟಿಯೆಂದು ಕರೆಯಬಾರದು.