ಬ್ರಾಯ್ಲರ್ ಕೋಳಿಗೆ ಎಷ್ಟು ಜಾಗ ಬೇಕು?

ಶೆಡ್ಡಿನ ಒಂದು ಚದರ ಮೀಟರ್ ನೆಲದಲ್ಲಿ ಎಷ್ಟು ಕೆಜಿ ತೂಕದ ಜೀವಂತ ಕೋಳಿಗಳಿವೆ ಅನ್ನೋದೇ ‘ಸಾಂದ್ರತೆ’. ಸಂಖ್ಯೆ ಬಿಟ್ಟು ತೂಕ ನೋಡೋದಕ್ಕೆ ಕಾರಣವಿದೆ. ಮರಿ ಬಿಟ್ಟ ದಿನ ಖಾಲಿ ಕಾಣುವ ಶೆಡ್ಡು, ಐದಾರು ವಾರದಲ್ಲಿ ಹಕ್ಕಿ ಎರಡು ಕೆಜಿ ದಾಟುವ ಹೊತ್ತಿಗೆ ಕಿಕ್ಕಿರಿದಿರುತ್ತದೆ.

ಯುರೋಪಿಯನ್ ಒಕ್ಕೂಟದ 2007ರ ನಿರ್ದೇಶನ 33 ಕೆಜಿಯ ಮಿತಿ ಹಾಕಿತು. ಹೆಚ್ಚುವರಿ ಷರತ್ತು ಪಾಲಿಸಿದರೆ 39, ಸಾವಿನ ಪ್ರಮಾಣವೂ ಕಡಿಮೆ ಇದ್ದರೆ 42. ಎರಡು ಕೆಜಿ ಹಕ್ಕಿಯ ಲೆಕ್ಕದಲ್ಲಿ 42 ಅಂದ್ರೆ 21 ಕೋಳಿ. ಒಂದೊಂದಕ್ಕೆ ಎ4 ಹಾಳೆಗಿಂತ ಕಡಿಮೆ ಜಾಗ.

ಕಿಕ್ಕಿರಿದಾಗ ಏನಾಗುತ್ತೆ? ಕೋಳಿಗಳು ನಡೆಯೋದು ಕಡಿಮೆಯಾಗಿ ಕಾಲು ಸೋಲುತ್ತವೆ. ಮಲಗಿದ್ದನ್ನು ಇನ್ನೊಂದು ತುಳಿದುಕೊಂಡು ಹೋಗುತ್ತದೆ, ನಿದ್ದೆ ಕೆಡುತ್ತದೆ. ಹಿಕ್ಕೆಯಿಂದ ಹೊಟ್ಟಿನ ಹಾಸು ಒದ್ದೆಯಾಗಿ ಅಮೋನಿಯಾ ಏಳುತ್ತದೆ, ಪಾದ ಹುಣ್ಣಾಗುತ್ತದೆ. ಮೈಶಾಖ ಹೊರಹೋಗದೆ ಏದುಸಿರು ಬಿಡುತ್ತವೆ.

ಜಾಗಕ್ಕಿಂತ ಗಾಳಿ, ತೇವಾಂಶ, ಹಾಸಿನ ನಿರ್ವಹಣೆಯೇ ಮುಖ್ಯ ಅನ್ನೋ ವಾದವೂ ಇದೆ. ಆಕ್ಸ್‌ಫರ್ಡ್‌ನ ಮರಿಯನ್ ಡಾಕಿನ್ಸ್ ತಂಡ ಸುಮಾರು 27 ಲಕ್ಷ ಕೋಳಿಗಳ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಅದನ್ನೇ. ಹಾಗಾದ್ರೆ ಮಿತಿ ಬೇಡ್ವಾ? ಬೇಕು. ಸಾಂದ್ರತೆ ಅತಿ ಹೆಚ್ಚಿದ್ದಲ್ಲಿ ಬೆಳವಣಿಗೆ ಕುಂಠಿತವಾಗಿ, ನೂಕುನುಗ್ಗಲು ಹೆಚ್ಚಿ, ಚೆನ್ನಾಗಿ ನಡೆಯುವ ಕೋಳಿಗಳು ಕಡಿಮೆಯಾಗಿದ್ದನ್ನೂ ಅದೇ ಅಧ್ಯಯನ ದಾಖಲಿಸಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಸೂಚಿಸಿದ ಮಿತಿ ಬರೀ 11 ಕೆಜಿ.

ಮಾರುಕಟ್ಟೆ ಇದನ್ನು ತಾನಾಗಿ ಸರಿಮಾಡಲ್ಲ. ಒಂದೊಂದು ಕೋಳಿ ತುಸು ಸೊರಗಿದರೂ ಶೆಡ್ಡಿನ ಒಟ್ಟು ಮಾಂಸ ಹೆಚ್ಚಬಹುದು. ಹಕ್ಕಿಯ ನಷ್ಟವೇ ಶೆಡ್ಡಿನ ಲಾಭ.

ಕರ್ನಾಟಕವೂ ಸೇರಿದಂತೆ ನಮ್ಮಲ್ಲಿ ತೆರೆದ ಶೆಡ್ಡಿಗೆ ಹಕ್ಕಿಗೊಂದು ಚದರ ಅಡಿ ಅನ್ನೋದು ರೂಢಿಯ ಲೆಕ್ಕ. ಎರಡು ಕೆಜಿ ಹಕ್ಕಿಯಾದ್ರೆ ಸುಮಾರು 21.5 ಕೆಜಿ ಆಯ್ತು. ಯುರೋಪಿಗಿಂತ ವಾಸಿ ಅಂತ ಬೀಗಬೇಕಿಲ್ಲ: ಈ ಮಿತಿ ಹಾಕಿದ್ದು ಮುಖ್ಯವಾಗಿ ನಮ್ಮ ಬೇಸಿಗೆ, ಕರುಣೆಯಲ್ಲ. ಫ್ಯಾನು, ಕೂಲಿಂಗ್ ಪ್ಯಾಡು ಹಾಕಿದ ಮುಚ್ಚಿದ ಶೆಡ್ಡುಗಳು ಬಂದಂತೆ ಬಿಸಿಲು ಹಾಕಿದ್ದ ಬೇಲಿ ಕಳಚುತ್ತದೆ. ಕಂಪನಿ ಮರಿ, ಮೇವು ಕೊಟ್ಟು ಕೆಜಿ ಲೆಕ್ಕದಲ್ಲಿ ಕೂಲಿ ಕೊಡುವ ಗುತ್ತಿಗೆ ಪದ್ಧತಿಯಲ್ಲಿ, ಶೆಡ್ಡಿಗೆ ಸಾಲ ಮಾಡಿದ ರೈತನಿಗೆ ಹೆಚ್ಚು ತುಂಬಿಸದೆ ವಿಧಿಯಿರಲ್ಲ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಚದರ ಮೀಟರಿಗೆ ಇಷ್ಟು ಅನ್ನೋ ಅಂಕಿ ಇಲ್ಲ. ಬ್ರಾಯ್ಲರ್‌ಗೆ ಪ್ರತ್ಯೇಕ ನಿಯಮಗಳ ಕರಡನ್ನು ಕಾನೂನು ಆಯೋಗ 2017ರಲ್ಲೇ ತನ್ನ 269ನೇ ವರದಿಯಲ್ಲಿ ಕೊಟ್ಟಿತ್ತು. ಶೆಡ್ಡುಗಳೆಲ್ಲ ಕಟ್ಟಿ ಮುಗಿದ ಮೇಲೆ ಮಿತಿ ತಂದರೆ ಅದರ ಹೊರೆ ಬೀಳೋದು ಸಾಲಗಾರ ರೈತನ ಮೇಲೆ. ಕಟ್ಟುವ ಮುಂಚೆ ತರಬೇಕು.